ಕಲಬುರಗಿಯಲ್ಲಿ ಪ್ಲಾಟಿನ ದರಕ್ಕೆ ಸರ್ಕಾರ ಯಾಕೆ ಮಿತಿ ಹಾಕಬಾರದು?

ಮಾಸ್ತರ ಕಲಬುರಗಿ ಕೇಳಿದ್ದು:

ಎಲ್ಲರಿಗೂ ಶರಣು.

ನಾನು ಇಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ, ನಮ್ಮ ಮನೆಯವರು ನರ್ಸ್. ಬಾಡಿಗೆ ಮನೆ ಸಾಕಾಗಿದೆ. ಮೂವತ್ತು-ನಲವತ್ತರ ಒಂದು ಪ್ಲಾಟ್ ಹಿಡಿಯಬೇಕು ಅಂತ ಎಷ್ಟೋ ವರ್ಷದಿಂದ ಕೂಡಿಡುತ್ತಾ ಬಂದಿದ್ದೇವೆ, ನಾವು ಕೂಡಿಡೋದಕ್ಕಿಂತ ದರ ಜೋರಾಗಿ ಏರುತ್ತಿದೆ. ಸೇಡಂ ರಸ್ತೆ ಕಡೆ ಎನ್.ಎ. (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿ ನಗರಾಭಿವೃದ್ಧಿ ಪ್ರಾಧಿಕಾರದಿಂದ ನಕ್ಷೆ ಮಂಜೂರಾದ ಲೇಔಟಿನಲ್ಲಿ ಕೇಳಿದರೆ ನಮ್ಮ ಕೈಗೆ ಎಟುಕುವ ಮಾತೇ ಇಲ್ಲ. ಅಲ್ಲಿಂದ ಸ್ವಲ್ಪ ಒಳಗೆ ಹೋದರೆ ಕರಿಮಣ್ಣಿನ ಹೊಲದಲ್ಲಿ ಫರ್ಶಿ ಕಲ್ಲು ನೆಟ್ಟು ಬಾಂಡ್ ಮೇಲೆ, ಅಂದರೆ ನೋಂದಣಿ ಇಲ್ಲದ ಛಾಪಾ ಕಾಗದದ ಮೇಲೆ ಮಾರುತ್ತಿದ್ದಾರೆ, ಅದರ ಅರ್ಧ ದರಕ್ಕೆ. ಏಜೆಂಟ್ ಹೇಳೋದು, ‘ತಗೊಂಡು ಹಾಕ್ರಿ ಸರ್, ನಾಳೆ ಸಕ್ರಮ ಆಗೇ ಆಗ್ತದೆ’ ಅಂತ.

ನನ್ನ ಪ್ರಶ್ನೆ ಬೇರೆ. 2019ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು, ಸೇಡಂ ರಸ್ತೆ ದರ ಏರಿತು. 2023ರಲ್ಲಿ ಸಾವಿರ ಎಕರೆ ಜವಳಿ ಪಾರ್ಕ್ ಅಂದರು, ಎಲ್ಲಿ ನೋಡಿದರೂ ಲೇಔಟಿನ ಬೋರ್ಡು. ಸೂರತ್-ಚೆನ್ನೈ ಹೆದ್ದಾರಿ ನಮ್ಮ ಜಿಲ್ಲೆ ಮೇಲೆ ಹೋಗುತ್ತದೆ ಅಂದ ಕೂಡಲೇ ಜೇವರ್ಗಿ, ಅಫಜಲಪುರ ಕಡೆಯೂ ಅದೇ ಕಥೆ. ರೈಲ್ವೆ ವಿಭಾಗ ಘೋಷಣೆಯಾಗಿ ಹತ್ತು ವರ್ಷ ದಾಟಿತು, ಅದೂ ದರಕ್ಕೇ ಕೆಲಸ ಮಾಡಿತು. ಅತ್ತ ಮಾರಾಟವಾದ ಪ್ಲಾಟುಗಳಲ್ಲಿ ಮುಕ್ಕಾಲು ಭಾಗ ಜಾಲಿ ಬೆಳೆದಿದೆ, ಮನೆ ಒಂದೂ ಎದ್ದಿಲ್ಲ. ಬಸ್ ಟಿಕೆಟ್ ದರ ಸರ್ಕಾರ ನಿಗದಿ ಮಾಡುತ್ತದೆ, ಎಷ್ಟೋ ಔಷಧಿಗೂ ಮಿತಿ ಇದೆ. ಮನೆ ಕಟ್ಟುವ ಜಾಗಕ್ಕೆ ಚದರಡಿಗೆ ಇಷ್ಟೇ ಅಂತ ಯಾಕೆ ಮಾಡಬಾರದು? ತಿಳಿದವರು ಹೇಳಿ. ರಾಜಕೀಯ ಬೇಡ, ಪಕ್ಷದ ಹೆಸರು ತರಬೇಡಿ.

ಲೆಕ್ಕದ ಪುಸ್ತಕ ಉತ್ತರ:

ಸರ್, ನಾನು ಲೇಔಟ್ ಮಾಡುವವರ ಹತ್ತಿರ ಲೆಕ್ಕ ಬರೆಯುವವನು. ಹಾಗಾಗಿ ನನ್ನನ್ನು ಆ ಕಡೆಯವನು ಅಂತಲೇ ತಿಳಿದುಕೊಂಡು ಓದಿ. ನೀವು ಗಣಿತದವರು, ಲೆಕ್ಕನೇ ಹಾಕೋಣ.

ಒಂದು ಎಕರೆ ಅಂದರೆ 43,560 ಚದರಡಿ. ಕಾನೂನು ಪ್ರಕಾರ ಲೇಔಟ್ ಮಾಡಿದರೆ ಪಾರ್ಕಿಗೆ ಬಿಡಬೇಕು, ಶಾಲೆ-ಆಸ್ಪತ್ರೆ ಅಂತ ನಾಗರಿಕ ಸೌಲಭ್ಯಕ್ಕೆ ಬಿಡಬೇಕು, ಅಗಲವಾದ ರಸ್ತೆ ಬಿಡಬೇಕು. ಮಾರಲು ಉಳಿಯೋದು ಸುಮಾರು 55 ಶೇಕಡಾ ಅಂತ ಹಿಡಿಯಿರಿ. 1,200 ಚದರಡಿಯಂತೆ ಎಕರೆಗೆ 20 ಪ್ಲಾಟ್ ಕೂಡ ಕಷ್ಟದಿಂದ ಬರುತ್ತವೆ. ಬಾಂಡ್ ಮೇಲೆ ಮಾರುವವನು ನಡುವೆ ಒಂದು ಇಪ್ಪತ್ತಡಿ ಮುರುಮ್ ದಾರಿ ಬಿಟ್ಟು ಉಳಿದದ್ದನ್ನೆಲ್ಲ ಕತ್ತರಿಸುತ್ತಾನೆ. ಅವನಿಗೆ 28 ಪ್ಲಾಟ್ ಸಿಗುತ್ತವೆ. ಪಾರ್ಕ್ ಅಂತ ಬ್ರೋಚರಿನಲ್ಲಿ ಹಸಿರು ಬಣ್ಣ ಬಳಿದಿರುತ್ತಾನೆ, ಅಷ್ಟೇ.

ಈಗ ಲೆಕ್ಕ ಸುಲಭವಾಗಲಿ ಅಂತ ಎಕರೆಗೆ ಒಂದು ಕೋಟಿ ಹಿಡಿಯುತ್ತೇನೆ. ಕಾನೂನಿನವನಿಗೆ ಬರೀ ಜಮೀನಿನ ಪಾಲೇ ಪ್ಲಾಟಿಗೆ 5 ಲಕ್ಷ ಬಿತ್ತು, ಬಾಂಡಿನವನಿಗೆ ಮೂರೂವರೆ. ಡಾಂಬರು, ಚರಂಡಿ, ಒಳಚರಂಡಿ, ನೀರಿನ ಟ್ಯಾಂಕ್, ಕಂಬ, ಟ್ರಾನ್ಸ್‌ಫಾರ್ಮರ್ ಎಲ್ಲ ಸೇರಿ ಎಕರೆಗೆ 40 ಲಕ್ಷ ಅಂದುಕೊಳ್ಳಿ. ಪ್ಲಾಟಿಗೆ 2 ಲಕ್ಷ. ಇನ್ನು ಯಾರೂ ಹೇಳದ ಖರ್ಚು ಒಂದಿದೆ, ಬಡ್ಡಿ. ಬ್ಯಾಂಕು ಖಾಲಿ ಜಮೀನು ಕೊಳ್ಳಲು ಸುಲಭಕ್ಕೆ ಸಾಲ ಕೊಡಲ್ಲ, ಹೊರಗೆ ತಿಂಗಳಿಗೆ ನೂರಕ್ಕೆ ಒಂದೂವರೆ. ಕೋಟಿಗೆ ತಿಂಗಳಿಗೆ ಒಂದೂವರೆ ಲಕ್ಷ. ಎನ್.ಎ., ಆಮೇಲೆ ನಕ್ಷೆ, ಆಮೇಲೆ ವಿದ್ಯುತ್ ಕಂಪನಿ, ಆಮೇಲೆ ಪ್ಲಾಟ್ ಬಿಡುಗಡೆ, ಇದೆಲ್ಲ ಎರಡು ವರ್ಷ ಎಳೆದರೆ 36 ಲಕ್ಷ ಬಡ್ಡಿಗೇ ಹೋಯಿತು. ಪ್ಲಾಟಿಗೆ 1 ಲಕ್ಷ 80 ಸಾವಿರ! ಅಂದರೆ ಫೈಲು ಮಲಗಿದ ಖರ್ಚು ರಸ್ತೆ-ಚರಂಡಿ ಖರ್ಚಿನ ಹತ್ತಿರ ಹತ್ತಿರ ಬಂತು. ಲಾಭ ಇಲ್ಲದೇ 8 ಲಕ್ಷ 80 ಸಾವಿರ ಆಯಿತು. ಬಾಂಡಿನವನದು ಮುರುಮ್ ಸೇರಿ 4 ಲಕ್ಷ.

ಈಗ ನೀವು ಹೇಳಿದಂತೆ ಸರ್ಕಾರ 7 ಲಕ್ಷ ಅಂತ ಮಿತಿ ಹಾಕಿತು ಅನ್ನಿ. ಕಾನೂನಿನವನು ಅಂಗಡಿ ಮುಚ್ಚುತ್ತಾನೆ. ಬಾಂಡಿನವನಿಗೆ ಹಬ್ಬ. ಅಲ್ವಾ?

ಚೌಕ ಚಹಾ ಉತ್ತರ:

ಮಿತಿ ಹಾಕಿದರೆ ಇನ್ನೊಂದೂ ಆಗುತ್ತದೆ. ಕಾಗದದಲ್ಲಿ 7 ಲಕ್ಷ, ಅದರ ಮೇಲೆ ಲೆಕ್ಕವಿಲ್ಲದೇ ಕೈಯಲ್ಲಿ 6 ಲಕ್ಷ. ಈಗಲೇ ಮಾರ್ಗಸೂಚಿ ದರ (ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ದರ) ಒಂದು, ಕೊಟ್ಟದ್ದು ಇನ್ನೊಂದು. ಅದಕ್ಕೇ 2023ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ದರ ಏರಿಸಿದರು, ಕಪ್ಪು-ಬಿಳಿ ಅಂತರ ಸ್ವಲ್ಪ ಕಡಿಮೆಯಾಯಿತು, ಹೋಗಲಿ ಬಿಡಿ ಅಂದುಕೊಳ್ಳುವಷ್ಟರಲ್ಲಿ 2025ರ ಆಗಸ್ಟ್ ಕೊನೆಗೆ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಹೋಯಿತು. ಮುದ್ರಾಂಕ, ಸೆಸ್ಸು, ಸರ್ಚಾರ್ಜು ಎಲ್ಲ ಸೇರಿ ಪ್ಲಾಟಿಗೆ ಸುಮಾರು 7.6 ಶೇಕಡಾ. ಬಡವರು ಬಾಂಡ್ ಪೇಪರಿಗೆ ಯಾಕೆ ಹೋಗುತ್ತಾರೆ ಅಂತ ಕೇಳುವವರು ಈ ಲೆಕ್ಕ ನೋಡಲ್ಲ.

ತೊಗರಿ ಹೊಲ ಉತ್ತರ:

ಲೆಕ್ಕದ ಪುಸ್ತಕ ಅಣ್ಣಾ, ನಿಮ್ಮ ಲೆಕ್ಕ ತಲೆಕೆಳಗು ಇದೆ. ಹೊಲ ಕೋಟಿ ಇರುವುದರಿಂದ ಪ್ಲಾಟ್ ತುಟ್ಟಿ ಅಂತೀರಿ. ಅಲ್ಲ. ಪ್ಲಾಟ್ ತುಟ್ಟಿಯಾಗಿ ಹೋಗುತ್ತದೆ ಅಂತ ಗೊತ್ತಿರುವುದರಿಂದಲೇ ನಮ್ಮ ಹೊಲಕ್ಕೆ ಕೋಟಿ ಕೊಡಲು ಬರುತ್ತೀರಿ.

ನಮ್ಮದು ಊರ ಅಂಚಿನ ಹಳ್ಳಿ, ರಿಂಗ್ ರಸ್ತೆಯಿಂದ ದೂರವಿಲ್ಲ. ತೊಗರಿ ಹಾಕುತ್ತೇವೆ. ಮಳೆ ಸರಿಯಾಗಿ ಬಿದ್ದು ಎಕರೆಗೆ 6 ಕ್ವಿಂಟಲ್ ಬಂತು ಅನ್ನಿ, 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000, ಅಂದರೆ 48,000. ಬೀಜ, ಗೊಬ್ಬರ, ಹುಳಕ್ಕೆ ಹೊಡೆಯುವ ಎಣ್ಣೆ, ಕಟಾವು, ರಾಶಿ ಅಂತ ಕಳೆದರೆ ಕೈಗೆ ಬರೋದು ಅರ್ಧ ಆದರೆ ಪುಣ್ಯ. ಆ ಭೂಮಿಗೆ ತೊಗರಿಯ ಲೆಕ್ಕದಲ್ಲಿ ಯಾರು ಕೋಟಿ ಕೊಡುತ್ತಾರೆ? ಕೋಟಿ ಬಂದದ್ದು ರಸ್ತೆಯಿಂದ, ವಿಮಾನ ನಿಲ್ದಾಣದಿಂದ, ಇಎಸ್‌ಐ ಆಸ್ಪತ್ರೆಯಿಂದ, ಕಡಗಂಚಿಯ ವಿಶ್ವವಿದ್ಯಾಲಯದಿಂದ. ಅವೆಲ್ಲ ಜನರ ದುಡ್ಡಿನಲ್ಲಿ ಆದದ್ದು. 

ಇನ್ನು ರೈತ ಕೋಟ್ಯಧೀಶ ಆದ ಅಂತ ಯಾರೂ ಬರೆಯಬೇಡಿ. ಘೋಷಣೆ ಪೇಪರಿಗೆ ಬರುವ ಮೊದಲೇ ಗೊತ್ತಿರುವವರು ಬಂದು ಸುಮ್ನೆ ಇಸಾರು (ಮುಂಗಡ) ಕೊಟ್ಟು ಕಾಗದ ಮಾಡಿಕೊಂಡು ಹೋಗಿರುತ್ತಾರೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದರಲ್ಲ, ಅದಾದ ಮೇಲೆ ರೈತನಲ್ಲದವನೂ ನೇರ ಹೊಲ ಬರೆಸಿಕೊಳ್ಳಬಹುದು. ಮೊದಲು ಅಡ್ಡದಾರಿ ಹಿಡಿದು ಮಾಡುತ್ತಿದ್ದದ್ದು ಈಗ ಹೆದ್ದಾರಿಯಲ್ಲೇ ನಡೆಯುತ್ತದೆ. ನಮ್ಮ ಕಾಕಾನ ಹೊಲ ಮೂರು ಕೈ ಬದಲಾಗಿ ಲೇಔಟ್ ಆಯಿತು. ಕಾಕಾನಿಗೆ ಬಂದ ದರಕ್ಕೂ ಕೊನೆಯವನು ಮಾರಿದ ದರಕ್ಕೂ ಇರುವ ಅಂತರ ನೆನೆಸಿಕೊಂಡರೆ ಅವನಿಗೆ ಇವತ್ತಿಗೂ ನಿದ್ದೆ ಬರಲ್ಲ. ಈಗ ಅದೇ ಲೇಔಟಿನ ಗೇಟಿನಲ್ಲಿ ಅವನ ಮಗ ವಾಚ್‌ಮನ್.

ಹಾಗಾಗಿ ಮಾಸ್ತರರೇ, ಮಿತಿ ಹಾಕುವುದಿದ್ದರೆ ಪ್ಲಾಟಿಗಲ್ಲ, ನಡುವೆ ನಿಂತು ಕೈ ಬದಲಾಯಿಸುವವರ ಲಾಭಕ್ಕೆ ಹಾಕಬೇಕು.

ಲೆಕ್ಕದ ಪುಸ್ತಕ ಉತ್ತರ:

ತೊಗರಿ ಹೊಲ ಅವರೇ, ಮಾತು ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ನೀವು ಹೇಳಿದ್ದು ನಿಜವಾದರೆ ನಾಳೆ ಸರ್ಕಾರ ನಮ್ಮ ಶುಲ್ಕ ಎಲ್ಲ ಮಾಫಿ ಮಾಡಿದರೂ ಪ್ಲಾಟಿನ ದರ ಇಳಿಯಲ್ಲ, ಆ ಉಳಿತಾಯ ಹೊಲದ ದರಕ್ಕೆ ಸೇರುತ್ತದೆ. ಅದು ಸರಿ. ಆದರೆ ತಡ ಬೇರೆ ವಿಷಯ. ಎರಡು ವರ್ಷದ ಕೆಲಸ ಆರು ತಿಂಗಳಿಗೆ ಮುಗಿದರೆ ಮಾರುಕಟ್ಟೆಗೆ ಬರುವ ಪ್ಲಾಟುಗಳೇ ಜಾಸ್ತಿ ಆಗುತ್ತವೆ, ಆಗ ದರ ಏರುವ ಜೋರು ತಗ್ಗುತ್ತದೆ. ಈಗ ಅಷ್ಟು ಬಡ್ಡಿ ತಡೆದುಕೊಳ್ಳುವ ಶಕ್ತಿ ಇರುವ ನಾಲ್ಕು ಜನ ಮಾತ್ರ ಆಟದಲ್ಲಿದ್ದಾರೆ. ಸಣ್ಣವರು ಬಾಂಡಿನ ಕಡೆ ಹೋದರು.

ನಿವೃತ್ತ ನಕ್ಷೆ ಉತ್ತರ:

ನಾನು ನಗರ ಯೋಜನೆ ಕೆಲಸದಲ್ಲಿದ್ದು ನಿವೃತ್ತನಾದವನು. ಸ್ವಲ್ಪ ಉದ್ದ ಆಗುತ್ತದೆ, ಓದುವವರು ಓದಿ.

2011ರ ಜನಗಣತಿಯಲ್ಲಿ ನಮ್ಮ ಊರು ಸುಮಾರು 5 ಲಕ್ಷ 30 ಸಾವಿರ. ಅದಾದ ಮೇಲೆ ಊರು ಎಷ್ಟು ಅಗಲವಾಗಿದೆ ಅಂತ ಹುಮನಾಬಾದ್ ರಸ್ತೆ, ಆಳಂದ ರಸ್ತೆ, ಜೇವರ್ಗಿ ರಸ್ತೆ ಎಲ್ಲಿ ಹೋದರೂ ಕಣ್ಣಿಗೇ ಕಾಣುತ್ತದೆ. ಒಂದು ಕಾಲಕ್ಕೆ ಪ್ರಾಧಿಕಾರವೇ ಜಮೀನು ತಗೊಂಡು ಲೇಔಟ್ ಮಾಡಿ ಹಂಚುತ್ತಿತ್ತು. ಇವತ್ತಿಗೂ ಜನ ‘ಜಿಡಿಎ’ (ಗುಲ್ಬರ್ಗಾ ಅಭಿವೃದ್ಧಿ ಪ್ರಾಧಿಕಾರ) ಅಂತಲೇ ಕರೆಯುವ ಬಡಾವಣೆಗಳು ಹಾಗೆ ಆದವು. ಗುಮಾಸ್ತರು, ಮಾಸ್ತರರು ಅಲ್ಲಿ ಮನೆ ಕಟ್ಟಿದರು. ಆ ವ್ಯವಸ್ಥೆ ನಡೆದದ್ದು ರೈತರಿಗೆ ಕಡಿಮೆ ಕೊಟ್ಟದ್ದರಿಂದ. ಬ್ರಿಟಿಷರ 1894ರ ಕಾಯ್ದೆ ಕಾಲದ ಪರಿಹಾರ ಅಂದರೆ ಕೋರ್ಟಿಗೆ ಅಲೆಯುವುದು ಅಂತಲೇ ಅರ್ಥ. 2013ರ ಭೂಸ್ವಾಧೀನ ಕಾಯ್ದೆ 2014ರ ಜನವರಿ 1ರಿಂದ ಜಾರಿಗೆ ಬಂತು. ಅದರಲ್ಲಿ ನಗರದಲ್ಲಿ ಮಾರುಕಟ್ಟೆ ಬೆಲೆಯ ಎರಡು ಪಟ್ಟು, ಹಳ್ಳಿಯಲ್ಲಿ ನಾಲ್ಕು ಪಟ್ಟಿನವರೆಗೆ. ರೈತರ ಪಾಲಿಗೆ ಇದು ನ್ಯಾಯ. ಆದರೆ ಇದನ್ನು ನೋಡಿದ ಯಾವ ರೈತ ಹಳೆಯ ದರಕ್ಕೆ ಒಪ್ಪುತ್ತಾನೆ? ಆ ದರ ಕೊಟ್ಟು ಅಗ್ಗದ ಪ್ಲಾಟ್ ಹಂಚುವುದು ಯಾವ ಪ್ರಾಧಿಕಾರಕ್ಕೂ ಆಗದ ಮಾತು. ಆದ್ದರಿಂದ ಸರ್ಕಾರ ಜಾಗ ಒದಗಿಸುವ ಕೆಲಸದಿಂದ ಮೆಲ್ಲಗೆ ಹಿಂದೆ ಸರಿದು ಅನುಮತಿ ಕೊಡುವ ಕೆಲಸಕ್ಕೆ ನಿಂತಿತು.

ಭೂಮಿ ಕೊಟ್ಟವರಿಗೇ ಅಭಿವೃದ್ಧಿ ಮಾಡಿದ ಜಾಗದಲ್ಲಿ ಅರ್ಧ ಪಾಲು ಅನ್ನುವ 50:50 ಬಂದದ್ದು ಈ ತೊಡಕು ಬಿಡಿಸಲು. ಯೋಚನೆ ಒಳ್ಳೆಯದೇ. ಮೈಸೂರಿನಲ್ಲಿ 2024ರಲ್ಲಿ ಎದ್ದ ಗದ್ದಲ ಗೊತ್ತಲ್ಲ, ಅದಾದ ಮೇಲೆ 50:50 ಅಂದರೆ ಅಧಿಕಾರಿಗಳು ಪೆನ್ನು ಮುಟ್ಟಲೂ ಹೆದರುತ್ತಾರೆ. ಅಲ್ಲಿನ ದೂರು ಬೆಲೆಬಾಳುವ ಬೇರೆ ಬಡಾವಣೆಯಲ್ಲಿ ನಿವೇಶನ ಕೊಟ್ಟರು ಅನ್ನೋದು. ಅದೇ ಜಮೀನಿನಲ್ಲಿ ಅದೇ ರೈತನಿಗೆ ಅರ್ಧ ಕೊಟ್ಟರೆ ಯಾರ ತಕರಾರು?

ಗುಜರಾತಿನಲ್ಲಿ ಇನ್ನೂ ಹಳೆಯ ದಾರಿ ಇದೆ. ಮುಂಬೈ ಪ್ರಾಂತ್ಯದ 1915ರ ಕಾಯ್ದೆಯಿಂದ ಬಂದದ್ದು. ಒಂದು ಭಾಗದ ಎಲ್ಲ ಹೊಲಗಳನ್ನೂ ಕಾಗದದ ಮೇಲೆ ಒಟ್ಟು ಮಾಡುತ್ತಾರೆ, ರಸ್ತೆ, ಪಾರ್ಕ್, ಶಾಲೆಗೆ ಅಂತ ಎಲ್ಲರ ಪಾಲಿನಿಂದಲೂ ಒಂದಿಷ್ಟು ಕತ್ತರಿಸುತ್ತಾರೆ, ಉಳಿದದ್ದನ್ನು ಚೌಕ ಮಾಡಿ ಅವರವರಿಗೇ ವಾಪಸ್. ಯಾರನ್ನೂ ಒಕ್ಕಲೆಬ್ಬಿಸಲ್ಲ. ಯೋಜನೆಯಿಂದ ಬೆಲೆ ಏರಿದ್ದರಲ್ಲಿ ಅರ್ಧವನ್ನು ಸುಧಾರಣಾ ಶುಲ್ಕ ಅಂತ ವಸೂಲಿ ಮಾಡಿ ರಸ್ತೆ-ಪೈಪಿಗೆ ಹಾಕುತ್ತಾರೆ. ಅಹಮದಾಬಾದಿನ ರಿಂಗ್ ರಸ್ತೆಗೆ ಜಾಗ ಸಿಕ್ಕದ್ದು ಬಹುಪಾಲು ಹೀಗೇ. ನಮ್ಮದು ನಿಜಾಮರ ಸೀಮೆ, ಆ ಕಾನೂನಿನ ರೂಢಿಯೇ ನಮಗಿಲ್ಲ. ನಮ್ಮ ರಾಜ್ಯದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೂ ಇಂಥ ಯೋಜನೆಗೆ ಅವಕಾಶ ಇದೆ. ಪುಸ್ತಕದಲ್ಲಿ ಇದೆ, ಅಷ್ಟೇ.

ತೊಗರಿ ಹೊಲದವರು ಕೈ ಬದಲಾಯಿಸುವವರ ಲಾಭಕ್ಕೆ ಮಿತಿ ಹಾಕಿ ಅಂದರು. ಲಾಭ ಹುಡುಕಿಕೊಂಡು ಹೋದರೆ ಸಿಗಲ್ಲ, ಕಾಗದದಲ್ಲಿ ಮುಚ್ಚುತ್ತಾರೆ. ಭೂಮಿ ಮುಚ್ಚಿಡಲು ಬರಲ್ಲ. ಖಾಲಿ ಪ್ಲಾಟಿಗೆ ಈಗಿನ ತೆರಿಗೆ ಮನೆಯ ಮುಂದೆ ಏನೂ ಅಲ್ಲ. ಮನೆ ಕಟ್ಟಿದವನಿಗೆ ತೆರಿಗೆ ಜಾಸ್ತಿ, ಜಾಲಿ ಬೆಳೆಸಿದವನಿಗೆ ಕಡಿಮೆ! ಇದನ್ನು ತಿರುವಿ ಹಾಕಿ, ಮೂರು ವರ್ಷ ಕಟ್ಟದೇ ಬಿಟ್ಟ ಪ್ಲಾಟಿಗೆ ವರ್ಷ ವರ್ಷ ತೆರಿಗೆ ಏರಿಸಿ, ಇಟ್ಟುಕೊಂಡವರು ತಾವೇ ಮಾರಲು ಬರುತ್ತಾರೆ. ಇದನ್ನು ನಾನು ನೌಕರಿಯಲ್ಲಿದ್ದಾಗಲೂ ಹೇಳುತ್ತಿದ್ದೆ. ಸಭೆಯಲ್ಲಿ ಕೂತವರಲ್ಲಿ ಎಷ್ಟು ಜನರಿಗೆ ಖಾಲಿ ಪ್ಲಾಟ್ ಇತ್ತು ಅಂತ ಕೇಳಬೇಡಿ.

ಬೆಣ್ಣೆತೊರೆ ಉತ್ತರ:

ದರ ದರ ಅಂತ ಎಲ್ಲರೂ ಬಡಿದಾಡುತ್ತಿದ್ದೀರಿ, ನೀರಿನ ಮಾತು ಯಾರೂ ಆಡಲಿಲ್ಲ.

ಊರಿಗೆ ನೀರು ಭೀಮಾದಿಂದ, ಬೆಣ್ಣೆತೊರೆಯಿಂದ. 2008ರ ಸುಮಾರಿಗೆ ಕೆಲವು ವಾರ್ಡುಗಳಲ್ಲಿ ದಿನವಿಡೀ ನೀರು ಕೊಟ್ಟು ತೋರಿಸಿದರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಜೊತೆ ನಮ್ಮೂರಿನಲ್ಲೂ. ಆಗುತ್ತದೆ ಅಂತ ಗೊತ್ತಾಯಿತು. ಇಡೀ ಊರಿಗೆ ಹಬ್ಬಿಸಲು ಇಷ್ಟು ವರ್ಷ. ಅಷ್ಟರಲ್ಲಿ ಹೊಸ ಲೇಔಟುಗಳು ಊರ ಹೊರಗೆ ಇನ್ನೊಂದು ಊರಾದವು. ಪೈಪು ಬರುವ ಮೊದಲು ಮನೆ, ಮನೆಯಾದ ಮೇಲೆ ಡಾಂಬರು, ಡಾಂಬರು ಒಡೆದು ಪೈಪು. ಕರಿಮಣ್ಣಿನಲ್ಲಿ ಒಮ್ಮೆ ಅಗೆದ ರಸ್ತೆ ಮತ್ತೆ ಸರಿಯಾಗಲ್ಲ, ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ನಾವು ಇರುವ ಲೇಔಟು ಕಾನೂನಿನದೇ, ಕಾಗದ ಎಲ್ಲ ಸರಿ. ಬೋರು ಬತ್ತಿತು. ಮಾಡಿದವರು ಪಾಲಿಕೆಗೆ ಹಸ್ತಾಂತರ ಮಾಡಿಲ್ಲ, ಹಸ್ತಾಂತರ ಆಗದೇ ಪಾಲಿಕೆ ಬರಲ್ಲ. ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲು ಹೇಳಬೇಕಾಗಿಲ್ಲ, ಟ್ಯಾಂಕರಿನವನೇ ನಮ್ಮ ಮಹಾಪೌರ.

ಸರ್ಕಾರ ಹಸ್ತಕ್ಷೇಪ ಮಾಡಲಿ ಅಂದರೆ ನಾನು ಕೇಳೋದು ಇಷ್ಟೇ. ಮೊದಲು ಪೈಪು ಎಲ್ಲಿಗೆ ಹೋಗುತ್ತದೆ ಅಂತ ನಕ್ಷೆ ಹಾಕಿ, ಅಲ್ಲಿಯೇ ಲೇಔಟಿಗೆ ಅನುಮತಿ ಕೊಡಿ. ಕಲ್ಯಾಣ ಕರ್ನಾಟಕ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಅಂತ ಬಜೆಟಿನಲ್ಲಿ ಹೇಳುತ್ತಾರೆ, ಅದರಲ್ಲಿ ಊರ ಅಂಚಿನ ಮುಖ್ಯ ಪೈಪು ಮತ್ತು ದೊಡ್ಡ ಚರಂಡಿ ಮೊದಲೇ ಹಾಕಿಬಿಟ್ಟರೆ ಅನುಮತಿ ಕೇಳುವವರೇ ಆ ಕಡೆ ಓಡುತ್ತಾರೆ. ಹಾಕಿದ ಖರ್ಚು ಸುಧಾರಣಾ ಶುಲ್ಕದಲ್ಲಿ ವಾಪಸ್ ಬರುತ್ತದೆ, ನಕ್ಷೆ ಕಾಕಾ ಹೇಳಿದಂತೆ.

ಮಾಸ್ತರ ಕಲಬುರಗಿ ಉತ್ತರ:

ಇಷ್ಟು ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಮಿತಿ ಹಾಕಿದರೆ ಬಾಂಡಿನವರಿಗೆ ಲಾಭ ಅನ್ನೋದು ತಲೆಗೆ ಹೋಯಿತು. ಆದರೆ ಗುಜರಾತಿನ ದಾರಿ ನಮ್ಮೂರಿಗೆ ಬರುವಷ್ಟರಲ್ಲಿ ನನ್ನ ಮಗನ ಮದುವೆ ಆಗಿರುತ್ತದೆ, ಅವನೀಗ ಐದನೇ ಇಯತ್ತೆ. ನನಗೆ ಈಗ ಮುಂದೆ ಎರಡೇ ದಾರಿ. ಆ ಬಾಂಡ್ ಪ್ಲಾಟು, ಇಲ್ಲ ಬಾಡಿಗೆ. ಏಜೆಂಟ್ ಬಿ ಖಾತಾ ಮಾಡಿಸಿಕೊಡುತ್ತೇನೆ ಅಂತಾನೆ. ನಂಬಬಹುದಾ?

ನಿವೃತ್ತ ನಕ್ಷೆ ಉತ್ತರ:

ಬೇಡ ಮಾಸ್ತರರೇ. ಬಿ ಖಾತಾ ಕೊಟ್ಟದ್ದು 2024ರ ಸೆಪ್ಟೆಂಬರ್ 10ಕ್ಕೆ ಮೊದಲು ನೋಂದಣಿಯಾದ ಕಾಗದ ಇದ್ದವರಿಗೆ. ನಿಮ್ಮದು ಇವತ್ತಿನ ಬಾಂಡು, ಅದು ನೋಂದಣಿಯೂ ಅಲ್ಲ. ಬಿ ಖಾತಾ ಬಂದರೂ ಅದು ತೆರಿಗೆ ಕಟ್ಟಿಸಿಕೊಳ್ಳುವ ಲೆಕ್ಕ, ಲೇಔಟ್ ಸಕ್ರಮ ಆದಂತೆ ಅಲ್ಲ. ಅಕ್ರಮ-ಸಕ್ರಮ ಅಂತ ಏಜೆಂಟ್ ಹೇಳುವುದನ್ನು 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆದು ನಿಲ್ಲಿಸಿತು. 2024ರ ಅಕ್ಟೋಬರಿನಿಂದ ಇ-ಖಾತಾ ಇಲ್ಲದೇ ನೋಂದಣಿ ಕಚೇರಿಯಲ್ಲಿ ಪ್ಲಾಟ್ ಮುಂದೆ ಹೋಗಲ್ಲ, ಅಂದರೆ ನಾಳೆ ನೀವು ಮಾರಲೂ ಬರಲ್ಲ. ಒಂದೇ ಪಹಣಿಯಲ್ಲಿ ಹತ್ತು ಜನರ ಹೆಸರು ಸೇರಿಸಿ ಗುಂಟೆ ಲೆಕ್ಕದಲ್ಲಿ ಬರೆಸಿಕೊಡುತ್ತೇವೆ ಅಂದರೂ ಹೋಗಬೇಡಿ, ನಿಮ್ಮ ಗುಂಟೆ ಯಾವ ಮೂಲೆಯಲ್ಲಿದೆ ಅಂತ 11ಇ ನಕ್ಷೆ (ಹೊಲದ ಭಾಗ ಅಳೆದು ತೋರಿಸುವ ಸರ್ವೆ ನಕ್ಷೆ) ಇಲ್ಲದೇ ದೇವರಿಗೂ ಗೊತ್ತಾಗಲ್ಲ.

ಹೊಸ ಲೇಔಟ್ ಬಿಡಿ. ಹಳೆಯ, ಪಾಲಿಕೆಗೆ ಹಸ್ತಾಂತರವಾದ ಬಡಾವಣೆಯಲ್ಲಿ ಇಪ್ಪತ್ತು-ಮೂವತ್ತರ ಪ್ಲಾಟ್ ಮರುಮಾರಾಟಕ್ಕೆ ಬರುತ್ತಿರುತ್ತವೆ, ಬೋರ್ಡ್ ಹಾಕಲ್ಲ, ಬಾಯಿಂದ ಬಾಯಿಗೆ. ಮೂವತ್ತು-ನಲವತ್ತರ ಅರ್ಧ ಜಾಗ ನಿಜ, ಮೇಲೊಂದು ಮಾಳಿಗೆ ಏರಿಸಬಹುದು, ನಲ್ಲಿ ಇರುತ್ತದೆ.

ಲೆಕ್ಕದ ಪುಸ್ತಕ ಉತ್ತರ:

ಹೊಸದೇ ಬೇಕು ಅಂದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಕೇಳಿ. 500 ಚದರ ಮೀಟರಿಗಿಂತ ದೊಡ್ಡ ಲೇಔಟಿಗೆ ನೋಂದಣಿ ಕಡ್ಡಾಯ, ಗಿರಾಕಿ ದುಡ್ಡಿನಲ್ಲಿ 70 ಶೇಕಡಾ ಬೇರೆ ಖಾತೆಯಲ್ಲಿ ಇಡಬೇಕು. ನಂಬರ್ ವೆಬ್‌ಸೈಟಿನಲ್ಲಿ ಹಾಕಿ ನೋಡಿದರೆ ಮಂಜೂರಾದ ನಕ್ಷೆ ಸಿಗುತ್ತದೆ. ಆ ನಕ್ಷೆಯಲ್ಲಿ ನಿಮ್ಮ ಪ್ಲಾಟ್ ನಂಬರ್ ಪಾರ್ಕಿನ ಮೇಲೆ ಕೂತಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಪ್ರಾಧಿಕಾರ ಪ್ಲಾಟುಗಳನ್ನು ಹಂತ ಹಂತವಾಗಿ ಬಿಡುಗಡೆ ಮಾಡುತ್ತದೆ, ನಿಮಗೆ ತೋರಿಸಿದ ನಂಬರ್ ಬಿಡುಗಡೆ ಪತ್ರದಲ್ಲಿ ಇದೆಯೋ ಇಲ್ಲವೋ ಅದನ್ನೂ ನೋಡಿ. ಪಂಚಾಯತಿ ಹದ್ದಿನಲ್ಲಿದ್ದರೆ ನಮೂನೆ 9 ಮತ್ತು 11ಎ ಬೇಕು. 11ಬಿ ಅಂದರೆ ಮಂಜೂರಾತಿ ಇಲ್ಲದ ಆಸ್ತಿಯ ದಾಖಲೆ, ಅದನ್ನು ತೋರಿಸಿದರೆ ಎದ್ದು ಬನ್ನಿ.

ತೊಗರಿ ಹೊಲ ಉತ್ತರ:

ಮಾಸ್ತರರೇ, ಆ ಬಾಂಡಿನ ಹೊಲದ ಸರ್ವೆ ನಂಬರ್ ನನಗೆ ಮೆಸೇಜ್ ಮಾಡಿ. ನಮ್ಮ ಕಡೆಯದೇ ಆಗಿದ್ದರೆ ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ ಇದೆಯೋ ಇಲ್ಲವೋ ಕೇಳಿ ಹೇಳುತ್ತೇನೆ. ಆ ಏಜೆಂಟಿಗೆ ಮುಂಗಡ ಮಾತ್ರ ಕೊಡಬೇಡಿ.